ಮಗುವಿನ ಎತ್ತರ ಅಳೆಯುವುದು ಹೇಗೆ? ಗೋಡೆಗೆ ನಿಲ್ಲಿಸಿದರೆ ಸಾಲದು

ತೂಕ ನೋಡುವುದು ಎಲ್ಲರಿಗೂ ರೂಢಿ. ಎತ್ತರದ ಸರದಿ ಬಂದಾಗ ಮಾತ್ರ ಅವಸರ. ಮಗುವನ್ನು ಗೋಡೆಗೆ ಒರಗಿಸಿ, ತಲೆ ಮೇಲೆ ಅಂಗೈ ಇಟ್ಟು, ‘ಹೂಂ, 84 ಬರ್ಕೊಳ್ಳಿ’ ಅಂದರೆ ಮುಗಿಯಿತು. ತೂಕ ನಾಲ್ಕು ದಿನದ ಭೇದಿಗೆ ಇಳಿಯುತ್ತದೆ, ವಾಸಿಯಾದ ಮೇಲೆ ಏರುತ್ತದೆ. ಎತ್ತರ ಹಾಗಲ್ಲ. ತಿಂಗಳುಗಟ್ಟಲೆ ಊಟ ಸಾಲದ್ದು, ಪದೇಪದೇ ಕಾಯಿಲೆ ಬಿದ್ದದ್ದು ಎಲ್ಲ ಅದರಲ್ಲಿ ಉಳಿದುಬಿಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳ ಬೆಳವಣಿಗೆ ಕುಂಠಿತ, ಅಂದರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ.

ಮೊದಲು ವಯಸ್ಸು. ಶಾಲೆಗೆ ಸೇರಿಸಲು ಹೇಳುವ ತಾರೀಕು ಬೇಡ. ತಾಯಿ ಕಾರ್ಡ್ ನೋಡಿ ತಿಂಗಳಲ್ಲಿ ಲೆಕ್ಕ ಹಾಕಿ. ಎರಡನೇ ವರ್ಷದಲ್ಲಿ ಮಗು ತಿಂಗಳಿಗೆ ಸುಮಾರು ಒಂದು ಸೆಂ.ಮೀ. ಬೆಳೆಯುತ್ತದೆ. ‘ಎರಡು ತುಂಬಿ ಮೂರಕ್ಕೆ ಬಿದ್ದಿದೆ’ ಅನ್ನುವ ಅಂದಾಜು ಇಲ್ಲಿ ನಡೆಯಲ್ಲ.

ಈಗ ಅಳೆಯುವುದು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಅದೂ ಇಬ್ಬರು ಸೇರಿ. ಒಬ್ಬರೇ ಮಾಡುತ್ತೇನೆ ಅಂತ ಹೋಗಬೇಡಿ, ಆಗಲ್ಲ. ಅಂಗನವಾಡಿಯ ಅಳತೆ ಹಲಗೆಯೇ ಒಳ್ಳೆಯದು. ದರ್ಜಿಯ ಟೇಪನ್ನು ಮಗುವಿನ ಮೈಮೇಲೆ ಹಾಯಿಸಿದರೆ ಅದು ಹೊಟ್ಟೆ, ಮಂಡಿ ಎಲ್ಲ ಹತ್ತಿ ಇಳಿಯುತ್ತದೆ; ಆ ಅಳತೆ ಕಸಕ್ಕೆ. ತಲೆಯ ಕಡೆ ಅಮ್ಮ ಕೂರಲಿ. ಮಗು ಅವಳ ಮುಖ ನೋಡುತ್ತಿದ್ದರೆ ಅರ್ಧ ಕೆಲಸ ಆದಂತೆ. ತಲೆ ಹಲಗೆಗೆ ತಾಗಿರಲಿ, ಕಣ್ಣು ನೇರ ಮೇಲಕ್ಕೆ ಇರಲಿ. ಇನ್ನೊಬ್ಬರು ಒಂದು ಕೈಯಲ್ಲಿ ಎರಡೂ ಮಂಡಿ ಮೆಲ್ಲಗೆ ಒತ್ತಿ, ಇನ್ನೊಂದು ಕೈಯಲ್ಲಿ ಕೆಳಗಿನ ಹಲಗೆಯನ್ನು ಅಂಗಾಲಿಗೆ ತಂದು ಮುಟ್ಟಿಸಬೇಕು. ಬೆರಳ ತುದಿಗಲ್ಲ, ಹಿಮ್ಮಡಿಗೆ.

ಎರಡು ದಾಟಿದವರನ್ನು ನಿಲ್ಲಿಸಿ. ಚಪ್ಪಲಿ, ಕ್ಲಿಪ್ಪು, ಜುಟ್ಟು ಎಲ್ಲ ತೆಗೆಯಿರಿ. ಹಬ್ಬಕ್ಕೆ ಹಾಕಿದ ಜಡೆ ಬಿಚ್ಚಲು ಅಜ್ಜಿ ಒಪ್ಪದಿದ್ದರೆ ಇನ್ನೊಂದು ದಿನ ಅಳೆಯಿರಿ, ಜಡೆ ಸೇರಿಸಿ ಬರೆದುಕೊಳ್ಳಬೇಡಿ. ‘ಎಷ್ಟು ಎತ್ತರ ಇದ್ದೀಯ ನೋಡೋಣ’ ಅಂದ ಕೂಡಲೇ ಮಕ್ಕಳು ತುದಿಗಾಲಲ್ಲಿ ನಿಲ್ಲುತ್ತಾರೆ, ಆದ್ದರಿಂದ ಹಿಮ್ಮಡಿಯನ್ನು ಒಬ್ಬರು ಹಿಡಿದೇ ಇರಬೇಕು. ತಲೆಯ ಹಿಂಭಾಗ, ಬೆನ್ನು, ಕುಂಡೆ, ಮೀನಖಂಡ, ಹಿಮ್ಮಡಿ ಗೋಡೆಗೆ ತಾಗಲಿ. ದುಂಡಗಿನ ಮಗುವಿಗೆ ಎಲ್ಲವೂ ತಾಗದೆ ಇರಬಹುದು, ಒತ್ತಾಯ ಬೇಡ. ಗದ್ದ ಮೇಲೆತ್ತಿದರೂ ತಪ್ಪು, ಇಳಿಸಿದರೂ ತಪ್ಪು. ತಲೆ ಮೇಲೆ ಅಂಗೈ ಬದಲು ದಪ್ಪ ರಟ್ಟಿನ ಪುಸ್ತಕ ಇಟ್ಟು, ಅದರ ಒಂದು ಬದಿ ಗೋಡೆಗೆ ಕೂರುವಂತೆ ಒತ್ತಿ. ನಿಮ್ಮ ಕಣ್ಣು ಗೋಡೆಗೆ ಅಂಟಿಸಿದ ಟೇಪಿನ ಗೆರೆಯ ಮಟ್ಟಕ್ಕೆ ಬರುವ ಹಾಗೆ ಬಗ್ಗಿ ಓದಿ, ಮಿಲಿಮೀಟರ್ ಬಿಡಬೇಡಿ. ಎರಡು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ. ಎರಡೂವರೆ ವರ್ಷದ ಮಗು ನಿಲ್ಲಲು ಹಟ ಮಾಡಿ ಮಲಗಿಸಿಯೇ ಅಳೆದಿರಾ? ಬಂದದ್ದರಲ್ಲಿ 0.7 ಸೆಂ.ಮೀ. ಕಳೆಯಿರಿ.

ಹೋಲಿಸುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ನಿಲ್ಲಿಸಿ ಅಳೆದಾಗ ಎರಡು ವರ್ಷದ ಗಂಡುಮಗು 81 ಸೆಂ.ಮೀ., ಹೆಣ್ಣುಮಗು 79.3 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕುಂಠಿತ. ಮೂರು ವರ್ಷಕ್ಕೆ 88.7 ಮತ್ತು 87.4. ‘ನಮ್ಮ ವಂಶವೇ ಕುಳ್ಳು’ ಅನ್ನುವವರಿಗೆ ಒಂದು ಮಾತು: ಕುಂಠಿತದ ಈ ಗಡಿಗೆರೆಗಳನ್ನು ಹಾಕಿದ್ದು ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು. ಒಳ್ಳೆಯ ಆರೈಕೆ ಸಿಕ್ಕ ಪುಟ್ಟ ಮಕ್ಕಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ ಬೆಳೆದರು.

ಕಾರಣ ಹುಡುಕುವಾಗ ಮಗುವಿನ ತಟ್ಟೆಗಿಂತ ಹಿಂದಕ್ಕೆ ಹೋಗಿ. ಅಮ್ಮನಿಗೆ ಬಸಿರಲ್ಲಿ ರಕ್ತ ಕಡಿಮೆ ಇತ್ತೇ? ಹದಿನೆಂಟಾಗುವ ಮೊದಲೇ ಮದುವೆ ಆಗಿತ್ತೇ? ಮಗು ಹುಟ್ಟಿದಾಗ ಎರಡೂವರೆ ಕೆ.ಜಿ. ಇತ್ತೇ? ಆಮೇಲೆ ಆರು ತಿಂಗಳ ನಂತರದ ಊಟ. ನಾನು ನೋಡಿದ ಹಾಗೆ ಜಾಸ್ತಿ ಎಡವುವುದು ಇಲ್ಲೇ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ರಾಗಿ ಸರಿಯನ್ನು ನೀರು ಮಾಡುತ್ತಾರೆ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ಚಮಚ ಓರೆ ಮಾಡಿದರೆ ತೊಟ್ಟಿಕ್ಕಬಾರದು, ಅಷ್ಟು ಗಟ್ಟಿ ಇರಲಿ. ರಾಗಿ ಸರಿಯೊಂದೇ ಸಾಲದು. ಬೆಂದ ಬೇಳೆ, ಸೊಪ್ಪು, ಒಂದು ಚಮಚ ತುಪ್ಪ ಬೀಳಲಿ. ತಿನ್ನುವ ಮನೆಯಾದರೆ ಮೊಟ್ಟೆ, ದಿನಾ. ಇಷ್ಟೆಲ್ಲ ತಿಂದೂ ಬೆಳೆಯದಿದ್ದರೆ ಕುಡಿಯುವ ನೀರು, ಶೌಚಾಲಯ, ಉಣಿಸುವವರ ಕೈ ನೋಡಿ. ಭೇದಿ ಮರುಕಳಿಸುತ್ತಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಎತ್ತರ ಬೆಳೆಸುವ ಚಾಕೊಲೇಟ್ ಪುಡಿ ತರಬೇಡಿ. ಡಬ್ಬಿಯ ಹಿಂದೆ ಸಕ್ಕರೆ ಎಷ್ಟಿದೆ ಓದಿ. ಆ ದುಡ್ಡಿಗೆ ಎಷ್ಟು ಮೊಟ್ಟೆ, ಎಷ್ಟು ಕಡಲೆಬೀಜ ಬರುತ್ತೆ ಲೆಕ್ಕ ಹಾಕಿ.

ಗಡಿಗೆರೆಗಿಂತ ಕೆಳಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಮೂರು ತಿಂಗಳಿಗೊಮ್ಮೆ ಅಳೆಯಿರಿ. ಅಳತೆಯನ್ನು ತಾಯಿ ಕಾರ್ಡಿನಲ್ಲೇ ಬರೆಯಿರಿ. ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟರೆ ಮುಂದಿನ ಹಬ್ಬಕ್ಕೆ ಸುಣ್ಣ ಬಳಿಯುತ್ತಾರೆ, ಗೆರೆ ಹೋಗುತ್ತದೆ.