ಸೂರಿನ ದೋಣಿ ಮಟ್ಟವಾಗಿ ಕೂರಿಸಬೇಡಿ

ಕೋಲಾರದ ಕಡೆ ಮಳೆಯೇ ಇಲ್ಲ, ಸೂರಿನಂಚಿನ ನೀರು ಹಿಡಿದು ಪೈಪಿಗೆ ಸಾಗಿಸುವ ದೋಣಿ ಯಾಕೆ ಅಂತ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ವರ್ಷಕ್ಕೆ 700 ಮಿಲಿಮೀಟರ್ ಚಿಲ್ಲರೆ ಬೀಳುವುದು ನಿಜ. ಆದರೆ ಅದೇನು ಹದವಾಗಿ ಹಂಚಿಕೊಂಡು ಬೀಳುತ್ತದಾ? ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಉತ್ತರೆ, ಹಸ್ತ, ಚಿತ್ತೆ ಅಂತ ಒಂದೊಂದು ರಾತ್ರಿ ಹುಯ್ದು ಹೋಗುತ್ತದೆ. ಸೂರಿನ ನೀರೆಲ್ಲ ಗೋಡೆಯ ಬುಡಕ್ಕೇ ಬೀಳುತ್ತದೆ. ಮೊದಲು ಬುಡದ ಮಣ್ಣು ಗುಳಿ ಬೀಳುತ್ತದೆ. ಕೆಸರು ಎಗರಿ ಗೋಡೆ ಮೊಣಕಾಲೆತ್ತರಕ್ಕೆ ಕೆಂಪಾಗುತ್ತದೆ. ಆಮೇಲೆ ಒಳಗಡೆ ಬಿಳಿ ಉಪ್ಪು ಎದ್ದು ಸುಣ್ಣ ಉದುರುತ್ತದೆ. ಆಗ ಅಂಗಡಿಗೆ ಓಡಿಹೋಗಿ ದುಬಾರಿ ಪೇಂಟ್ ತಂದು ಬಳಿಯುತ್ತಾರೆ. ನೀರು ಬರುವ ದಾರಿ ಹಾಗೇ ಇದ್ದರೆ ಪೇಂಟ್ ಏನು ಮಾಡೀತು?

ಇನ್ನು ದೋಣಿ ಹಾಕಿಸಿದವರದ್ದು ಬೇರೆ ಕಥೆ. ಬೀದಿಯಿಂದ ನೋಡಿದರೆ ನೇರವಾಗಿ ಕಾಣಬೇಕು ಅಂತ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಟ್ಟಕ್ಕೆ ಕೂರಿಸುತ್ತಾರೆ. ನೀರು ಹರಿಯುವುದು ಇಳಿಜಾರಿಗೆ ಕಣ್ರಪ್ಪಾ, ನಿಮ್ಮ ಮನೆಯ ಅಂದ ನೋಡಿಕೊಂಡಲ್ಲ. ಹತ್ತಡಿಗೆ ಒಂದು ಬೆರಳಗಲ ಇಳಿಯಲೇಬೇಕು. ಮನೆ ಉದ್ದವಾಗಿದ್ದರೆ ನಡುವೆ ಎತ್ತರ ಮಾಡಿ ಎರಡೂ ತುದಿಗೆ ಇಳಿಸಿ, ಎರಡು ಪೈಪು ಕೊಡಿ. ಕಣ್ಣಳತೆಯಲ್ಲಿ ಇಳಿಜಾರು ಹಿಡಿಯುತ್ತೇನೆ ಅನ್ನುವ ಕೆಲಸಗಾರನನ್ನು ನಂಬಬೇಡಿ. ಗಾರೆಯವರ ಹತ್ತಿರ ನೀರು ತುಂಬಿದ ಲೆವೆಲ್ ಪೈಪು ಇರುತ್ತದೆ. ಅದನ್ನು ಹಿಡಿಸಿ, ಗುರುತು ಹಾಕಿಸಿ, ದಾರ ಕಟ್ಟಿಸಿದ ಮೇಲೆಯೇ ಮೊದಲನೇ ಕ್ಲಾಂಪು ಹೊಡೆಸಿ. ಕ್ಲಾಂಪು ಎರಡಡಿಗೊಂದು ಇರಲಿ. ನಾಲ್ಕಡಿಗೊಂದು ಹೊಡೆದು ದುಡ್ಡು ಉಳಿಸಿದರೆ, ಮಳೆಗಾಲದ ಭಾರಕ್ಕೆ ದೋಣಿ ನಡುವೆ ಜೋತು ಬೀಳುತ್ತದೆ.

ಹೆಂಚಾಗಲಿ ಶೀಟಾಗಲಿ, ಅದರ ಅಂಚು ದೋಣಿಯ ಒಳಗೆ ಎರಡು ಬೆರಳು ಚಾಚಿರಬೇಕು. ಕಮ್ಮಿಯಾದರೆ ನೀರು ಹಿಂದಕ್ಕೆ ಸರಿದು ಗೋಡೆ ಹಿಡಿಯುತ್ತದೆ. ಜಾಸ್ತಿಯಾದರೆ ಜೋರು ಮಳೆಯಲ್ಲಿ ದೋಣಿಯನ್ನು ದಾಟಿ ಅಂಗಳಕ್ಕೆ ಹಾರುತ್ತದೆ. ದೋಣಿಯ ಹೊರ ಅಂಚು ಒಳ ಅಂಚಿಗಿಂತ ಕೂದಲೆಳೆ ತಗ್ಗಿರಲಿ. ತುಂಬಿ ಉಕ್ಕಿದರೂ ಹೊರಗೆ ಬೀಳುತ್ತದೆ, ಮನೆಯ ಕಡೆ ಬರುವುದಿಲ್ಲ. ತಗಡಿನ ದೋಣಿಯಾದರೆ ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ ಕೂರಬೇಕು, ಹೆಂಚು ಹೊದಿಸುವ ಹಾಗೆಯೇ. ಇದನ್ನು ತಿರುಗುಮುರುಗು ಮಾಡಿ, ಮೇಲೆ ಒಂದು ಡಬ್ಬಿ ಅಂಟು ಸುರಿದು ಬಿಟ್ಟವರನ್ನು ನೋಡಿದ್ದೇನೆ. ಅಂಟು ಎಷ್ಟು ವರ್ಷ ತಡೆದೀತು? ಪ್ಲಾಸ್ಟಿಕ್ ದೋಣಿಯಾದರೆ ನಮ್ಮ ಏಪ್ರಿಲ್ ಬಿಸಿಲಿಗೆ ಹಿಗ್ಗುತ್ತದೆ. ಜೋಡಿಸುವ ಕಡೆ ಸ್ವಲ್ಪ ಜಾಗ ಬಿಡದಿದ್ದರೆ ಸೊಟ್ಟಗಾಗಿ ಕ್ಲಾಂಪನ್ನೇ ಕಿತ್ತುಕೊಂಡು ಬರುತ್ತದೆ.

ಈಗ ನಾನು ಯಾವತ್ತೂ ಬಿಡದ ಒಂದು ಕೆಲಸ ಹೇಳುತ್ತೇನೆ. ಕೆಲಸದವರಿಗೆ ಕೂಲಿ ಕೊಟ್ಟು ಕಳಿಸುವ ಮುಂಚೆ ದೋಣಿಗೆ ರಾಗಿ ಹೊಟ್ಟಿನ ಪರೀಕ್ಷೆ ಆಗಬೇಕು. ಇದು ನಮ್ಮ ಮಾವನವರ ಪದ್ಧತಿ. ಮುಳಬಾಗಿಲು ಕಡೆಯ ನಮ್ಮ ಹಳೇ ಮನೆ ಕಲ್ಲು ಚಪ್ಪಡಿಯದು. ಮುಂದೆ ಜಗಲಿಯ ಮೇಲಷ್ಟೇ ನಾಡಹೆಂಚಿನ ಇಳಿಸೂರು. ಅದಕ್ಕೆ ಸೀಮೆಎಣ್ಣೆ ಡಬ್ಬ ಬಿಚ್ಚಿ ಬಡಿದ ತಗಡಿನ ದೋಣಿ. ಅವರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತು, "ಹುಯ್ಯಮ್ಮ, ಮೆಲ್ಲಗೆ ಹುಯ್ಯಿ" ಅಂತ ಕೂಗುತ್ತಿದ್ದರು. ನಾನು ಏಣಿಯ ಮೇಲೆ.

ಹೊಟ್ಟು ಸಣ್ಣದಾಗಿರಬೇಕು. ಮೊರದಲ್ಲಿ ಕೇರಿ, ಜರಡಿ ಹಿಡಿದು, ಕಡ್ಡಿ ಕಸ ಎಲ್ಲ ತೆಗೆದುಬಿಡಿ. ಭತ್ತದ ಹೊಟ್ಟು ಬೇಡ, ದಪ್ಪ. ತಾನೇ ಅಲ್ಲಲ್ಲಿ ಸಿಕ್ಕಿಕೊಂಡು ಸುಳ್ಳು ಹೇಳುತ್ತದೆ. ಒಂದು ಬಿಂದಿಗೆ ನೀರಿಗೆ ಒಂದು ಹಿಡಿ ಹಾಕಿ ಕಲಸಿ. ದೋಣಿಯ ಎತ್ತರದ ತುದಿಯಲ್ಲಿ ನಿಂತು ಚೊಂಬಿನಿಂದ ಸಣ್ಣ ಧಾರೆಯಾಗಿ ಬಿಡಿ. ಬಕೆಟ್ಟಿನಲ್ಲಿ ದಬಕ್ಕಂತ ಸುರಿದರೆ ಎಂಥ ದೋಣಿಯೂ ಚೆನ್ನಾಗಿಯೇ ಹರಿಯುತ್ತದೆ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಬಿಂದಿಗೆ ಮುಗಿದ ಮೇಲೆ ಎಲೆ ಅಡಿಕೆ ಅಗಿಯುವಷ್ಟು ಹೊತ್ತು ಸುಮ್ನೆ ಇರಿ. ಆಮೇಲೆ ಬರಿ ನೀರು ಒಂದೆರಡು ಚೊಂಬು ಬಿಟ್ಟು, ಏಣಿ ಸರಿಸಿಕೊಂಡು ಉದ್ದಕ್ಕೂ ನೋಡುತ್ತಾ ಹೋಗಿ. ಇಳಿಜಾರು ಸರಿಯಿದ್ದ ಕಡೆ ಹೊಟ್ಟು ತೊಳೆದುಕೊಂಡು ಹೋಗಿರುತ್ತದೆ. ಎಲ್ಲಿ ಗುಂಪಾಗಿ ತೇಲುತ್ತಿದೆಯೋ ಅಲ್ಲಿ ದೋಣಿ ಜೋತಿದೆ. ಅದರ ಹತ್ತಿರದ ಕ್ಲಾಂಪನ್ನು ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಎತ್ತಿಸಿ, ಮತ್ತೆ ಹುಯ್ಯಿರಿ. ಕೆಳಗೆ ನೆಲದ ಮೇಲೆ ಹೊಟ್ಟು ಬಿದ್ದಿದ್ದರೆ ಅದರ ನೇರಕ್ಕೇ ಜೋಡಣೆ ಸೋರುತ್ತಿದೆ ಅಂತ ಅರ್ಥ. ಕೆಲಸದವನು ಗೊಣಗುತ್ತಾನೆ, ಗೊಣಗಲಿ. ಮಳೆಯಲ್ಲಿ ಫೋನ್ ಮಾಡಿದರೆ ಅವನು ಬರುತ್ತಾನಾ?

ಆ ಜರಡಿಯನ್ನು ಕೆಲಸ ಮುಗಿದ ಕೂಡಲೇ ತೊಳೆದು ಬಿಸಿಲಿಗೆ ಬೋರಲು ಹಾಕಿ. ಒದ್ದೆಯಲ್ಲೇ ಮೊಳೆಗೆ ನೇತುಹಾಕಿ ತುಕ್ಕು ಹಿಡಿಸಿ, ಆಮೇಲೆ ರಾಗಿ ಹಿಟ್ಟಿನಲ್ಲಿ ಕೆಂಪು ಚುಕ್ಕೆ ಏನತ್ತೆ ಅಂತ ಕೇಳುವ ಸೊಸೆಯರು ನಮ್ಮ ಮನೆಯಲ್ಲೂ ಇದ್ದಾರೆ.

ಹಳೇ ದೋಣಿಗೆ ಒಂದು ತೂತು ಬಿದ್ದರೆ ಒಣಗಿಸಿ, ತುಕ್ಕು ಉಜ್ಜಿ, ತೇಪೆ ಹಾಕಿ. ಒಂದೇ ತುಂಡಿನಲ್ಲಿ ಮೂರು ನಾಲ್ಕು ಕಡೆ ಬಿದ್ದರೆ ಆ ತುಂಡನ್ನೇ ಬದಲಾಯಿಸಿ. ಕಳಚುವ ಮುಂಚೆ ಒಳಗಿನ ಮಣ್ಣು ಎಲೆ ತೆಗೆಯಿರಿ, ಒದ್ದೆ ಮಣ್ಣು ತುಂಬಿದ ದೋಣಿ ಇಬ್ಬರಿಗೂ ಭಾರ. ಕಳಚಿದಾಗ ಹಿಂದಿನ ಮರವನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ ಮರ ಕೊಳೆತಿದೆ, ಗೆದ್ದಲೂ ಇರಬಹುದು. ಅದಕ್ಕೆ ಹೊಸ ದೋಣಿ ಹೊಡೆದು ಏನು ಪ್ರಯೋಜನ?

ಇಳಿಯುವ ಪೈಪು ಮೂರಿಂಚಿಗಿಂತ ಕಮ್ಮಿ ಬೇಡ. ಪೈಪನ್ನು ತಂದು ಗೋಡೆಯ ಬುಡದಲ್ಲೇ ಬಿಡುವವರಿಗೆ ಏನು ಹೇಳಲಿ! ದೋಣಿ ಹಾಕಿಸಿದ್ದು ಯಾತಕ್ಕೆ? ನೀರನ್ನು ಸಂಪಿನ ಕಡೆಗೆ, ಅಂದರೆ ನೆಲದೊಳಗಿನ ತೊಟ್ಟಿಗೆ ತಿರುಗಿಸಿ. ಸಾವಿರ ಚದರಡಿ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ಸಾವಿರ ಅಡಿ ಬೋರ್ ಕೊರೆಸುವ ಊರಿನಲ್ಲಿ ಅದನ್ನು ಚರಂಡಿಗೆ ಬಿಡುತ್ತಾರೆ. ಮೊದಲ ಮಳೆಯ ನೀರನ್ನು ಮಾತ್ರ ಹೊರಗೆ ಬಿಡಿ, ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ. ಸಂಪು ಇಲ್ಲದಿದ್ದರೆ ಒಂದು ಮಾರು ಆಚೆಗೆ ಚಪ್ಪಡಿ ಹಾಕಿ, ಅದರ ಮೇಲೆ ಬೀಳಲಿ.

ಪೈಪಿನ ಬಾಯಿಗೆ ಜಾಲರಿ ಹಾಕಿದ್ದೇವೆ, ಇನ್ನು ನಿಶ್ಚಿಂತೆ ಅನ್ನಬೇಡಿ. ಹೊಂಗೆ ಎಲೆ ಜಾಲರಿಯಲ್ಲಿ ನಿಲ್ಲುತ್ತದೆ, ಹುಣಸೆ ಎಲೆ ನುಸುಳಿಕೊಂಡು ಹೋಗಿ ಪೈಪು ತಿರುಗುವ ಮೊಣಕೈಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಭರಣಿ ಮಳೆಗೆ ಮುಂಚೆ ಒಂದು ಸಲ, ಗಣೇಶನ ಹಬ್ಬಕ್ಕೆ ಮನೆ ಗುಡಿಸುವಾಗ ಇನ್ನೊಂದು ಸಲ ಏಣಿ ಹಾಕಿ ಕೈಯಲ್ಲೇ ಬಳಿದು ತೆಗೆಯಿರಿ. ಏಣಿಯ ಬುಡ ಹಿಡಿದುಕೊಳ್ಳಲು ಒಬ್ಬರು ಇರಲಿ, ಅವರ ಕೈಯಲ್ಲಿ ಫೋನ್ ಬೇಡ.