ಪೇಂಟರ್ ಕೋಲಿಗೆ ಮೊಬೈಲ್ ಕಟ್ಟಿ ಇಸಿಲದ ನಕ್ಷೆ ತೆಗೆದೆ

"ಡ್ರೋನ್ ಇಲ್ಲ, ಲೇಸರ್ ಬಿಟ್ಟು ಅಳೆಯೋ ಲೈಡಾರ್ ಇಲ್ಲ. ಕೋಲಿಗೆ ಮೊಬೈಲ್ ಕಟ್ಕೊಂಡು ಊರಿನ ನಕ್ಷೆ ಮಾಡ್ತೀಯೇನಲೇ?" ಎರಡು ವರ್ಷದ ಹಿಂದೆ ಚಿತ್ರದುರ್ಗದಲ್ಲಿ ಟೀ ಕುಡಿಯುತ್ತಾ ನನ್ನ ಜೊತೆಗಾರ ಸರ್ವೇಯರ್ ಹೀಗೆ ನಕ್ಕಿದ್ದ. ಅವನೊಬ್ಬನೇ ಅಲ್ಲ. ಇತಿಹಾಸದ ಮೇಷ್ಟ್ರೊಬ್ಬರು "ಹವ್ಯಾಸಕ್ಕೆ ಪರವಾಗಿಲ್ಲ ಬಿಡಿ" ಅಂದಿದ್ದರು. ಆ ಮಾತು ನಗುವಿಗಿಂತ ಜಾಸ್ತಿ ಚುಚ್ಚಿತ್ತು. ಈಗ ಅಶೋಕನ ಕಾಲದ ಊರು ಇಸಿಲದ ನಕ್ಷೆ ಸಿದ್ಧವಾಗಿದೆ. ಹಿಂದೆ ಇಲ್ಲಿ ಅಗೆಸಿದವರ ಹಳೇ ನಕ್ಷೆಯ ಮೇಲೆ ಸರಿಯಾಗಿ ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ನಿಮಗೆ ಗೊತ್ತಿರುವುದೇ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನಗಳನ್ನು ಕಂಡದ್ದು ಇಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಆಚೆಯ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಕಳಿಸಿದ ಆಜ್ಞೆ ಅದು. ಇಸಿಲ ಅಂದರೆ ಈ ಗುಡ್ಡದ ಬುಡವೇ ಎಂದು ಬಹಳ ಜನ ಒಪ್ಪಿದ್ದಾರೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆಸಿ, ಕೆಳಗೆ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾ ಸಮಾಧಿಯವರು, ಅವರ ಮೇಲೆ ಶಾತವಾಹನರ ಕಾಲದವರು ಎಂದು ಪದರ ಬಿಡಿಸಿ ತೋರಿಸಿದರು. ಅವರ ನಕ್ಷೆ ಇದೆ. ಆದರೆ ಅದು ಕಾಗದದ ಮೇಲಿದೆ, ಅಡಿ ಲೆಕ್ಕದಲ್ಲಿದೆ. ಹೊಲದಲ್ಲಿ ನಿಂತು, ಸಮಾಧಿಯ ಸುತ್ತ ಗುಂಡುಗಳನ್ನಿಟ್ಟ ಈ ಕಲ್ಲಿನ ಸುತ್ತು ಆ ನಕ್ಷೆಯ ಯಾವ ಚುಕ್ಕೆ ಅಂತ ಹೇಳೋಕೆ ಆಗಲ್ಲ. ನನಗೆ ಬೇಕಿದ್ದದ್ದು ಅಷ್ಟೇ.

ಮೊದಲು ದುಡ್ಡಿನ ವಿಷಯ. ಒಂದು ಕಂಪನಿಯವರನ್ನು ಕೇಳಿದೆ. ಮೂರೂವರೆ ಲಕ್ಷ ಅಂದರು, ಜಿಎಸ್‌ಟಿ ಬೇರೆ. ಡ್ರೋನ್‌ಗೆ ಅನುಮತಿ ನೀವೇ ತರಬೇಕು ಅಂದರು. ರಕ್ಷಿತ ಸ್ಮಾರಕದ ಸುತ್ತ ಡ್ರೋನ್ ಹಾರಿಸೋದು ಸುಲಭದ ಮಾತಲ್ಲ, ನಿಮಗೂ ಗೊತ್ತು. ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಏಳು ತಿಂಗಳಾದರೂ ಉತ್ತರ ಬರಲಿಲ್ಲ. ಹೋಗಿ ಕೇಳಿದರೆ ಅರ್ಜಿಯೇ ಸಿಗಲಿಲ್ಲ.

ಹಾಗಾಗಿ ಗಾಳಿಪಟ, ಅದಕ್ಕೆ ಮೊಬೈಲ್ ಕಟ್ಟಿ ಮೇಲಿಂದ ಫೋಟೋ ತೆಗೆಯೋದು. ಚಿತ್ರದುರ್ಗದ ಗಾಳಿ ಗೊತ್ತಲ್ವಾ, ಗುಡ್ಡದ ತುಂಬಾ ಫ್ಯಾನ್ ನಿಲ್ಲಿಸಿದ್ದಾರೆ. ಆ ಗಾಳಿಯನ್ನು ನಾವೂ ಬಳಸೋಣ ಅಂತ ಆರು ಅಡಿಯ ಪಟ ಹೊಲಿಸಿದೆ. ಮೊದಲ ದಿನ ಚೆನ್ನಾಗಿ ಏರಿತು. ಎರಡನೇ ದಿನ ಬಂಡೆಗಳ ಸಂದಿಯಿಂದ ಬಂದ ಸುಳಿಗಾಳಿ ಹೊಡೆದು ಪಟ, ಮೊಬೈಲ್ ಎರಡೂ ಕಳ್ಳಿ ಮೆಳೆಗೆ ಬಿದ್ದವು. ಪಟಕ್ಕೆ ಎರಡು ಸಾವಿರ, ಮೊಬೈಲ್‌ಗೆ ಹದಿನಾಲ್ಕು ಸಾವಿರ ಹೋಯಿತು. ಕಳ್ಳಿ ಮುಳ್ಳು ಕೀಳಿಸಿಕೊಂಡ ಲೆಕ್ಕ ಇದರಲ್ಲಿ ಸೇರಿಲ್ಲ.

ಕೊನೆಗೆ ಉಳಿದದ್ದು ಕೋಲು. ಎತ್ತರದ ಗೋಡೆಗೆ ಬಣ್ಣ ಹೊಡೆಯೋರು ಬಳಸುವ, ಒಂದರೊಳಗೊಂದು ಜಾರುವ ಕೋಲು. ಇಪ್ಪತ್ತು ಅಡಿ ಏರುತ್ತೆ. ತುದಿಗೆ ಎರಡನೇ ಮೊಬೈಲ್ ಕಟ್ಟಿ, ಎರಡು ಸೆಕೆಂಡಿಗೊಂದು ಫೋಟೋ ತೆಗೆಯುವಂತೆ ಇಟ್ಟೆ. ಆರು ಮೀಟರ್ ಮೇಲಿಂದ ನೆಲ ಎರಡು ಮಿಲಿಮೀಟರ್‌ಗೊಂದು ಚುಕ್ಕೆಯಾಗಿ ಬರುತ್ತೆ. ಯಾವ ಡ್ರೋನ್ ಹುಡುಗನೂ ನಿಮಗೆ ಇಷ್ಟು ಸ್ಪಷ್ಟವಾಗಿ ಕೊಡಲ್ಲ, ಅವರು ಅರವತ್ತು ಮೀಟರ್ ಮೇಲಿರುತ್ತಾರೆ. ತೊಂದರೆ ಏನಂದರೆ ಎಕರೆಗೆ ಸಾವಿರದ ಮುನ್ನೂರು ಫೋಟೋ ಬೇಕು, ಅಷ್ಟೂ ನಡೆಯಬೇಕು. ಸ್ಮಾರಕದ ಬೇಲಿಯೊಳಗೆ ಕೋಲು ಒಯ್ಯಲಿಲ್ಲ. ಅಲ್ಲಿ ಬರೀ ಕೈಯಲ್ಲಿ ಹಿಡಿದ ಫೋಟೋ. ಉಳಿದದ್ದು ಹೊಲ, ಬೀಳು. ಹೊಲದವರನ್ನು ಕೇಳಿಕೊಂಡೇ ಇಳಿದದ್ದು. ಶೇಂಗಾ ಕಿತ್ತ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಮಾತ್ರ ಕೆಲಸ.

ಮೊದಲ ಎರಡು ಎಕರೆ ಪೂರ್ತಿ ದಂಡ. ಫೋಟೋಗಳನ್ನು ಜೋಡಿಸಿ ನಕ್ಷೆ ಮಾಡುವ ವೆಬ್‌ಒಡಿಎಂ ತಂತ್ರಾಂಶಕ್ಕೆ ಹಾಕಿದೆ. ಹದಿನಾರು ಜಿಬಿ ಲ್ಯಾಪ್‌ಟಾಪು ನಾನೂರು ಫೋಟೋ ದಾಟಿದರೆ ಮಲಗುತ್ತಿತ್ತು. ತುಂಡು ತುಂಡು ಮಾಡಿ ಮೂರು ರಾತ್ರಿ ಓಡಿಸಿದೆ. ಚಿತ್ರ ನೋಡೋಕೆ ಅದ್ಭುತ. ಎತ್ತರ ತೆಗೆದು ನೋಡಿದರೆ ಸಪಾಟು ಹೊಲ ಬೋರಲು ಹಾಕಿದ ಬುಟ್ಟಿಯ ಹಾಗೆ ಉಬ್ಬಿತ್ತು! ನಡುವೆ ಮುಕ್ಕಾಲು ಮೀಟರ್ ಜಾಸ್ತಿ. ನಾನು ಒಂದು ವಾರ ಅದನ್ನು ಹೂತುಹೋದ ಕೋಟೆಯ ದಿಬ್ಬ ಅಂತಲೇ ತಿಳಿದಿದ್ದೆ. ಮನೆಯವಳಿಗೆ ಹೇಳಿ, ಸ್ವೀಟೂ ತಂದಿದ್ದೆ. ಆಮೇಲೆ ಗೊತ್ತಾಯಿತು, ಎಲ್ಲ ಫೋಟೋ ನೆಟ್ಟಗೆ ಕೆಳಮುಖವಾಗಿ ತೆಗೆದರೆ ಲೆನ್ಸಿನ ತಪ್ಪು ಹೀಗೆ ಗುಮ್ಮಟವಾಗುತ್ತೆ. ಮೊಬೈಲನ್ನು ಇಪ್ಪತ್ತು ಡಿಗ್ರಿ ಓರೆ ಕಟ್ಟಿ, ಒಂದು ಸಾಲು ಹೋಗುವಾಗ, ಪಕ್ಕದ ಸಾಲು ಬರುವಾಗ ತೆಗೆದೆ. ಉಬ್ಬು ಇಳಿಯಿತು. ಪೂರ್ತಿ ಹೋಗೋಕೆ ಇನ್ನೊಂದು ಕೆಲಸ ಮಾಡಿದೆ, ಅದನ್ನು ಇಲ್ಲಿ ಬರೆಯಲ್ಲ. ಭೇಟಿಯಾದರೆ, ಟೀ ಕೊಡಿಸಿದರೆ ಹೇಳುತ್ತೇನೆ.

ನೆಲದ ಗುರುತುಗಳದ್ದು, ಅಂದರೆ ಫೋಟೋದಲ್ಲಿ ಕಾಣುವಂತೆ ಇಟ್ಟು ಜಾಗ ಅಳೆದುಕೊಳ್ಳುವ ಗುರುತುಗಳದ್ದು, ಇನ್ನೊಂದು ಗೋಳು. ಮೊದಲು ಪೇಪರ್ ತಟ್ಟೆ ಇಟ್ಟೆ. ಜಿಪಿಎಸ್ ರಿಸೀವರ್ ತರೋಕೆ ಗಾಡಿ ಹತ್ತಿರ ಹೋಗಿ ಬರುವಷ್ಟರಲ್ಲಿ ಮೇಕೆಗಳು ಐದು ಗುರುತು ತಿಂದಿದ್ದವು. ಹಳೇ ಸಿಡಿ ಇಟ್ಟೆ, ಬಿಸಿಲಿಗೆ ಫಳ್ ಅಂತ ಹೊಳೆದು ಫೋಟೋದಲ್ಲಿ ಬರೀ ಬೆಳಕಿನ ಉಂಡೆ. ಕೊನೆಗೆ ಚುನಾವಣೆಯ ಫ್ಲೆಕ್ಸ್ ಒಂದನ್ನು ಚೌಕ ಚೌಕ ಕತ್ತರಿಸಿ, ಹಿಂಭಾಗಕ್ಕೆ ಕಪ್ಪು ಬಿಳಿ ಬಣ್ಣ ಹೊಡೆದೆ. ಮೇಕೆ ಮೂಸಿ ನೋಡಿ ಬಿಟ್ಟವು. ಖರ್ಚು ನೂರಿಪ್ಪತ್ತು ರೂಪಾಯಿ, ಇಡೀ ಕೆಲಸದಲ್ಲಿ ಅಗ್ಗದ್ದು ಅದೇ.

ರಿಸೀವರ್ ಮಾತ್ರ ಅಗ್ಗಕ್ಕೆ ಆಗಲಿಲ್ಲ. ಮೊಬೈಲ್ ಜಿಪಿಎಸ್ ಬಂಡೆಗಳ ಪಕ್ಕ ಐದಾರು ಮೀಟರ್ ಅಲೆಯುತ್ತೆ, ಕಲ್ಲಿನ ಸುತ್ತೇ ಅಷ್ಟಗಲ ಇರುತ್ತೆ. ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಹಿಡಿಯುವ ಎಫ್9ಪಿ ರಿಸೀವರ್ ಬೋರ್ಡು ಎರಡು, ಆಂಟೆನಾ, ಡಬ್ಬಿ ಎಲ್ಲ ಸೇರಿ ಐವತ್ತೆರಡು ಸಾವಿರದ ಸುಮಾರು. ನೆಟ್‌ವರ್ಕ್ ಕೈಕೊಡುವ ಜಾಗ, ಹಾಗಾಗಿ ಆನ್‌ಲೈನ್ ಜಿಪಿಎಸ್ ತಪ್ಪು ತಿದ್ದಿಕೊಳ್ಳೋದು ಮರೆತುಬಿಡಿ. ಒಂದನ್ನು ಬೇಸ್ ಆಗಿ ಬಂಡೆಯ ಮೇಲೆ ಅಲ್ಲಾಡದಂತೆ ಕೂರಿಸಿ, ಇನ್ನೊಂದನ್ನು ಹಿಡಿದು ಓಡಾಡಿ, ರಾತ್ರಿ ಆರ್‌ಟಿಕೆಲಿಬ್ ತಂತ್ರಾಂಶದಲ್ಲಿ ಲೆಕ್ಕ ಮಾಡಿದೆ. ಬೇಸ್‌ನ ಲಾಗ್ ಅನ್ನು ಜಿಪಿಎಸ್ ದಾಖಲೆಯಿಂದ ನಿಖರ ಜಾಗ ಲೆಕ್ಕ ಹಾಕಿಕೊಡುವ ಕೆನಡಾದವರ ಉಚಿತ ಪಿಪಿಪಿ ಸೇವೆಗೆ ಕಳಿಸಿದರೆ ಎರಡು ಮೂರು ಸೆಂಟಿಮೀಟರ್‌ನಲ್ಲಿ ಜಾಗ ಹೇಳುತ್ತಾರೆ. ಒಂದು ಮಾತು, ದಿನಾಂಕ ಬರೆದಿಡಿ. ನಮ್ಮ ನೆಲ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತೆ. ನಾನು ಮೊದಲ ವರ್ಷ ಬರೆದಿಡಲಿಲ್ಲ. ಎರಡನೇ ವರ್ಷದ ಗುರುತುಗಳು ಯಾಕೆ ಕೂರಲ್ಲ ಅಂತ ಹದಿನೈದು ದಿನ ತಲೆ ಕೆರೆದುಕೊಂಡೆ.

ಇನ್ನು ಹಳೇ ನಕ್ಷೆ. ನಿಜವಾದ ಸೋಲು ಇಲ್ಲಿಯದು. ಮೊದಲು ಸರ್ವೇ ಆಫ್ ಇಂಡಿಯಾದ 57ಬಿ ಟೋಪೋಶೀಟ್ ಕೂರಿಸಿದೆ, ಭೂಮಿಯ ಆಕಾರಕ್ಕೆ ಎವರೆಸ್ಟ್ ಲೆಕ್ಕ ಹಿಡಿದ ಹಳೇ ಶೀಟು. ನೇರ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ ಲೆಕ್ಕದಲ್ಲಿ ತೆರೆದೆ. ಹಳ್ಳ ಬಂಡೆ ಹತ್ತಿತ್ತು, ರಸ್ತೆ ಹೊಲದಲ್ಲಿ ಮಲಗಿತ್ತು. ಎಲ್ಲ ನೂರು ಮೀಟರಿಗೂ ಹೆಚ್ಚು ಜರುಗಿತ್ತು. ಇದು ಎಲ್ಲರೂ ಮಾಡುವ ತಪ್ಪು, ಬೇಗ ಸರಿಹೋಯಿತು.

ವ್ಹೀಲರ್ ನಕ್ಷೆಗೆ ಮಾಡಿದ್ದು ಬುದ್ಧಿವಂತರು ಮಾಡುವ ತಪ್ಪು. ಸ್ಕ್ಯಾನ್ ಮಾಡಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನಕ್ಷೆಗೂ ನೆಲಕ್ಕೂ ಹೊಂದುವ ಹದಿನೆಂಟು ಗುರುತು ಹಿಡಿದೆ, ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ವಿಧಾನ ಹಾಕಿದೆ. ತಪ್ಪು ಸೊನ್ನೆ! ಕುಣಿದಾಡಿಬಿಟ್ಟೆ. ಆ ವಿಧಾನ ಕೊಟ್ಟ ಗುರುತಿಗೆಲ್ಲ ಕಾಗದವನ್ನು ರಬ್ಬರ್ ಥರ ಎಳೆದು ಕೂರಿಸುತ್ತೆ, ತಪ್ಪು ಯಾವತ್ತೂ ಸೊನ್ನೆಯೇ. ನಕ್ಷೆಯಲ್ಲಿ ಸಮಾಧಿ ಇದೆ ಅಂದ ಜಾಗಕ್ಕೆ ಹೋದರೆ ಅಲ್ಲಿ ಜಾಲಿ ಗಿಡ. ಹನ್ನೆರಡು ಮೀಟರ್ ಆಚೆ ಕಲ್ಲಿನ ಸುತ್ತು ನನ್ನನ್ನು ನೋಡಿ ನಗುತ್ತಿತ್ತು. ನನ್ನ ಹದಿನೆಂಟರಲ್ಲಿ ಐದು ಗುರುತು ಬೇರೆ ಕಲ್ಲಿನವು, ಅದನ್ನು ಸೊನ್ನೆ ಮುಚ್ಚಿಟ್ಟಿತ್ತು.

ಎಲ್ಲ ಅಳಿಸಿದೆ. ಬರೀ ತಿರುಗಿಸಿ, ಅಳತೆ ಹೊಂದಿಸಿ, ಸರಿಸುವ ಹೆಲ್ಮರ್ಟ್ ವಿಧಾನಕ್ಕೆ ಬಂದೆ. ಕೊಡಬೇಕಾದ್ದು ಕೆಲವೇ ಗುರುತು, ಆದರೆ ಎಪ್ಪತ್ತೆಂಬತ್ತು ವರ್ಷದಲ್ಲಿ ಯಾರೂ ಅಲ್ಲಾಡಿಸದ್ದಾಗಿರಬೇಕು. ಸಣ್ಣ ಕಲ್ಲನ್ನು ಬದುವಿಗೆ ಹಾಕಿಕೊಂಡಿರುತ್ತಾರೆ. ಯಾವುದು ಅಲ್ಲಾಡಿಲ್ಲ ಅಂತ ಹೇಳಿದ್ದು ಕುರಿ ಕಾಯುವ ಅಜ್ಜ ಒಬ್ಬರು. ಮೊದಲು ನನ್ನನ್ನು ನಿಧಿ ಹುಡುಕುವವನು ಅಂತ ಬೈದು ಓಡಿಸಿದ್ದರು. ಇನ್ನೊಬ್ಬರು "ಬೋರ್ ಪಾಯಿಂಟ್ ನೋಡ್ತೀರಾ ಸಾರ್, ನಮ್ಮ ಹೊಲಕ್ಕೂ ಬನ್ನಿ" ಅಂದಿದ್ದರು. ಅಜ್ಜ ಮಾತ್ರ ಮೂರನೇ ಭಾನುವಾರ ಪಕ್ಕ ಕೂತು ಎಲೆಡಿಕೆ ಹಾಕಿಕೊಂಡು, "ಆ ಗುಂಡು ನಮ್ಮಪ್ಪನ ಕಾಲಕ್ಕೂ ಅಲ್ಲೇ ಇತ್ತು, ಈ ಸಣ್ಣದು ಟ್ರಾಕ್ಟರ್ ಬಂದಮ್ಯಾಲೆ ಸರಿದದ್ದು" ಅಂತ ಒಂದೊಂದೇ ತೋರಿಸಿದರು. ಅವರು ಹೇಳಿದ ಆರು ಗುಂಡು ಹಿಡಿದೆ. ಉಳಿಕೆ ತಪ್ಪು ಒಂದೂವರೆ ಮೀಟರ್ ಆಸುಪಾಸು. ಸೊನ್ನೆಗಿಂತ ಸಾವಿರ ಪಾಲು ಮೇಲು. ಈ ಸಲ ನಕ್ಷೆ ಹಿಡಿದು ಹೋದಲ್ಲೆಲ್ಲ ಕಾಲಿಗೆ ಕಲ್ಲು ಎಡವಿತು.

ನಾನು ಮಾಡಿದ ಹನ್ನೊಂದು ಎಕರೆಯಲ್ಲಿ ಅರವತ್ತು ಚಿಲ್ಲರೆ ಕಲ್ಲಿನ ಸುತ್ತು ಎಣಿಸಿದೆ, ಕೆಲವಕ್ಕೆ ಅರ್ಧವೇ ಉಳಿದಿದೆ. ಪೆಟ್ಟಿಗೆಯ ಹಾಗೆ ಚಪ್ಪಡಿ ನಿಲ್ಲಿಸಿದ ಸಮಾಧಿಗಳಲ್ಲಿ ಕಿಂಡಿ ಇರುತ್ತಲ್ಲ, ಅದರ ದಿಕ್ಕನ್ನೂ ಕಂಡಷ್ಟು ಬರೆದುಕೊಂಡೆ. ಚಪ್ಪಡಿ ಗಟ್ಟಿಯಾಗಿ ಮುಚ್ಚಿರುವ ಜಾಗಗಳ ಅಕ್ಷಾಂಶ ರೇಖಾಂಶ ಯಾರಿಗೂ ಕೊಡಲ್ಲ. ಕೇಳಬೇಡಿ. ಅಮಾವಾಸ್ಯೆಗೆ ಗುದ್ದಲಿ ಹಿಡಿದು ಬರೋರು ಇನ್ನೂ ಇದ್ದಾರೆ.

ನಡುವೆ ಬೇಡದ ಪ್ರಯೋಗಗಳೂ ಆದವು. ಸೆಂಟಿನೆಲ್ ಉಪಗ್ರಹದ ಚಿತ್ರದಲ್ಲಿ ಹೂತ ಗೋಡೆ ಹುಡುಕಿದೆ, ಹತ್ತು ಮೀಟರ್‌ಗೊಂದು ಚುಕ್ಕೆಯಲ್ಲಿ ಗೋಡೆ ಎಲ್ಲಿ ಕಾಣಬೇಕು? ನಮ್ಮೂರ ವೀರಗಲ್ಲಿಗೆ ರಾತ್ರಿ ಟಾರ್ಚನ್ನು ಓರೆಯಾಗಿ ಬಿಟ್ಟು ನಲವತ್ತು ಫೋಟೋ ತೆಗೆದದ್ದು ಮಾತ್ರ ಚೆನ್ನಾಗಿ ಬಂತು. ಸವೆದ ಅಕ್ಷರ ಎದ್ದು ಕಂಡಿತು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಚಂದ್ರವಳ್ಳಿಗೆ ಕೋಲು ಒಯ್ದು ಸೋತೆ. ಅಲ್ಲಿ ಗಿಡ ಜಾಸ್ತಿ, ಫೋಟೋದಲ್ಲಿ ಬರೀ ಎಲೆ.

ಒಟ್ಟು ಖರ್ಚು ನೆನಪಿನಿಂದ ಹೇಳೋದಾದರೆ ಒಂದು ಲಕ್ಷ ಹತ್ತು ಸಾವಿರದ ಒಳಗೆ. ಅದರಲ್ಲಿ ಪೆಟ್ರೋಲೇ ಇಪ್ಪತ್ತು, ಲ್ಯಾಪ್‌ಟಾಪಿನ ರ್‍ಯಾಮು ಎಂಟು, ಸತ್ತ ಮೊಬೈಲು ಹದಿನಾಲ್ಕು. ರಿಸೀವರ್ ಈಗ ಜಮೀನು ಅಳತೆಗೂ ದುಡಿಯುತ್ತಿದೆ, ಅರ್ಧ ದುಡ್ಡು ವಾಪಸ್ ಬಂದಿದೆ.

ಮೇಷ್ಟ್ರಿಗೆ ನಕ್ಷೆ ತೋರಿಸಿದೆ. ಒಂದು ಗಂಟೆ ನೋಡಿದರು. ಮಧ್ಯೆ ಕನ್ನಡಕ ಎರಡು ಸಲ ಒರೆಸಿದರು. ಟೀ ಅಂಗಡಿಯಲ್ಲಿ ನಕ್ಕಿದ್ದ ಜೊತೆಗಾರ ಹೋದ ವಾರ ಫೋನ್ ಮಾಡಿ, ಹೊಳಲ್ಕೆರೆ ಕಡೆ ಒಂದು ಕಟ್ಟೆಯ ಅಳತೆ ಇದೆ, ನಾಲ್ಕು ದಿನಕ್ಕೆ ಕೋಲು ಕೊಡ್ತೀಯಾ ಅಂದ. ಕೊಟ್ಟೆ. ಮೂರನೇ ಗಂಟು ಸ್ವಲ್ಪ ಸಡಿಲ ಇದೆ, ಅದನ್ನು ಹೇಳೋಕೆ ಮರೆತೆ.