ಓಟ ಅಂದರೆ ಆಗದವರು ಓಡಲು ಶುರು ಮಾಡುವುದು ಹೇಗೆ?

ಡಾಕ್ಟರು ಹೇಳಿದ್ದಕ್ಕೋ, ಪ್ಯಾಂಟು ಬಿಗಿಯಾಗಿದ್ದಕ್ಕೋ, ಇಲ್ಲಾ ಆಫೀಸಿನವರೆಲ್ಲ ಸೇರಿ ಬೆಂಗಳೂರಿನ ಟೆನ್‌ಕೆ, ಅಂದರೆ 10 ಕಿ.ಮೀ. ಓಟಕ್ಕೆ ನಿಮ್ಮ ಹೆಸರನ್ನೂ ಬರೆಸಿಬಿಟ್ಟಿದ್ದಕ್ಕೋ, ಅಂತೂ ಓಡಬೇಕಾಗಿದೆ. ಮನಸ್ಸು ಮಾತ್ರ ಇಲ್ಲ. ಪರವಾಗಿಲ್ಲ, ಮನಸ್ಸಿಲ್ಲದೆಯೂ ಶುರು ಮಾಡಬಹುದು. ಹೊಸಬರು ಸೋಮಾರಿತನದಿಂದ ಓಟ ಬಿಡುತ್ತಾರೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಮೊದಲ ದಿನವೇ ಜೋರಾಗಿ ಓಡಿ, ಸುಸ್ತಾಗಿ, ಮೈಕೈ ನೋವಾಗಿ ಬಿಡುವವರೇ ಜಾಸ್ತಿ.

ಮೊದಲು ಶೂ. ದುಬಾರಿಯದ್ದು ಬೇಡ, ಆದರೆ ಓಡುವುದಕ್ಕೆಂದೇ ಮಾಡಿದ್ದು ಇರಲಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ದಿನವಿಡೀ ಓಡಾಡಿದ ಕಾಲು ಆಗ ಸ್ವಲ್ಪ ಊದಿಕೊಂಡಿರುತ್ತದೆ. ಶೂ ಹಾಕಿ ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಬಟ್ಟೆ ಯಾವುದಾದರೂ ಆದೀತು. ಓಡುವಾಗ ತೊಡೆಗೆ ತೊಡೆ ಉಜ್ಜುವವರು ಸ್ವಲ್ಪ ವ್ಯಾಸಲೀನ್ ಸವರಿಕೊಳ್ಳಿ, ಇಲ್ಲದಿದ್ದರೆ ಸ್ನಾನಕ್ಕೆ ಬಿಸಿನೀರು ಹುಯ್ದುಕೊಂಡಾಗ ಗೊತ್ತಾಗುತ್ತದೆ.

ಜಾಗ ಸಮತಟ್ಟಾಗಿರಲಿ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕ್, ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ದಾರಿ, ಬೇರೆ ಊರಲ್ಲಾದರೆ ಸ್ಟೇಡಿಯಂ ಅಥವಾ ಕಾಲೇಜು ಮೈದಾನ. ಚಪ್ಪಡಿ ಎದ್ದ ಫುಟ್‌ಪಾತ್ ಮೇಲೆ ಓಡಬೇಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸೂರ್ಯ ಏಳುವ ಮೊದಲೇ ಮುಗಿಸಿ. ಮಂಗಳೂರಿನ ಕಡೆ ಬೆವರು ಆರುವುದೇ ಇಲ್ಲ, ಹಾಗಾಗಿ ಅಷ್ಟೇ ಓಟಕ್ಕೆ ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ, ಇನ್ನೂ ನಿಧಾನ ಮಾಡಿ.

ಇನ್ನು ಓಡುವ ಲೆಕ್ಕ. ಅಮೆರಿಕದ ಜೋಶ್ ಕ್ಲಾರ್ಕ್ ಎಂಬುವವರು 1996ರಲ್ಲಿ, ಐವತ್ತು ದಾಟಿದ ತಮ್ಮ ತಾಯಿಯೂ ಮಾಡಬಹುದಾದಂಥ ಒಂದು ಕ್ರಮ ರೂಪಿಸಿದರು. ‘ಕೌಚ್ ಟು ಫೈವ್‌ಕೆ’ ಅಂತ ಹೆಸರು, ಅಂದರೆ ಸೋಫಾದಿಂದ ಎದ್ದು 5 ಕಿ.ಮೀ. ಓಟದವರೆಗೆ. ವಾರಕ್ಕೆ 3 ದಿನ, ಒಟ್ಟು 9 ವಾರ. ಮೊದಲ ವಾರ 5 ನಿಮಿಷ ಚುರುಕಾಗಿ ನಡೆಯಿರಿ. ಆಮೇಲೆ 1 ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ 20 ನಿಮಿಷ. ಅಷ್ಟೇ, ಮನೆಗೆ ಬನ್ನಿ. ‘ಇನ್ನೂ ಒಂದು ರೌಂಡ್ ಹೊಡೀಬಹುದಿತ್ತು’ ಅನ್ನಿಸಿದರೆ ಸರಿಯಾಗಿ ಮಾಡಿದ್ದೀರಿ ಅಂತ ಅರ್ಥ. ಓಡುವ ಹೊತ್ತು ವಾರವಾರಕ್ಕೂ ಬೆಳೆದು, ಕೊನೆಯ ವಾರ 30 ನಿಮಿಷ ನಿಲ್ಲದೆ ಓಡುವ ಹಾಗಾಗುತ್ತದೆ. ಹೆದರಿಸುವುದು 5ನೇ ವಾರದ ಮೂರನೇ ದಿನ, ಅವತ್ತು ಒಂದೇ ಸಮನೆ 20 ನಿಮಿಷ. ಅಂದು ಎಂದಿಗಿಂತ ನಿಧಾನವಾಗಿ ಹೊರಟರೆ ಮುಗಿದೇ ಹೋಗುತ್ತದೆ.

ನಿಧಾನ ಅಂದರೆ ಎಷ್ಟು? ಎದುರಿಗೆ ಸಿಕ್ಕ ಪರಿಚಯದವರು ಮಾತಾಡಿಸಿದರೆ, ‘ಚೆನ್ನಾಗಿದ್ದೀನಿ ಸಾರ್, ಮಗಳು ಈ ವರ್ಷ ಪಿಯುಸಿ’ ಅಂತ ಓಡುತ್ತಲೇ ಹೇಳುವಷ್ಟು ಉಸಿರು ಇರಬೇಕು. ‘ಚೆನ್ನಾ...’ ಅಂತ ಅಲ್ಲೇ ನಿಂತರೆ ವೇಗ ಜಾಸ್ತಿಯಾಯಿತು. ಸೀರೆ ಮೇಲೆ ಸ್ವೆಟರ್ ಹಾಕಿ, ಕ್ಯಾನ್ವಾಸ್ ಶೂ ಕಟ್ಟಿಕೊಂಡು ಬಿರಬಿರನೆ ನಡೆಯುವ ಅಜ್ಜಿಯೊಬ್ಬರು ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ ಬಿಡಿ. ಹೆಜ್ಜೆ ಚಿಕ್ಕದಾಗಿ ಇಡಿ, ಭುಜ ಸಡಿಲ ಬಿಡಿ.

ಮೂರ್ನಾಲ್ಕು ವಾರ ಕಳೆದ ಮೇಲೆ ಹುರುಪು ಬರುತ್ತದೆ ನೋಡಿ, ಅದೇ ಅಪಾಯದ ಹೊತ್ತು. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಆದರೆ ಮೂಳೆಗೆ ಮತ್ತು ಸ್ನಾಯುವನ್ನು ಮೂಳೆಗೆ ಅಂಟಿಸುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ದಿನಾ ಓಡುತ್ತೇನೆ ಅಂತ ಹೊರಟರೆ ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಉದ್ದಕ್ಕೂ ನೋವು ಶುರುವಾಗುತ್ತದೆ. ಮೀನಖಂಡ ಬಿಗಿಯುವುದು, ತೊಡೆ ನೋಯುವುದು ಸಾಮಾನ್ಯ, ಎರಡು ದಿನದಲ್ಲಿ ಹೋಗುತ್ತದೆ. ಒಂದೇ ಜಾಗದಲ್ಲಿ ಚುಚ್ಚುವ, ಓಡಿದಷ್ಟೂ ಜಾಸ್ತಿಯಾಗುವ ನೋವಿದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಶುರು ಮಾಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನಾಯಿಗಳ ವಿಷಯಕ್ಕೆ ಬರೋಣ, ಬೆಳಗಿನ ಜಾವ ಬೀದಿ ಅವುಗಳದ್ದೇ ಅಲ್ವಾ? ಬೊಗಳಿಕೊಂಡು ಬಂದರೆ ಓಟ ನಿಲ್ಲಿಸಿ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಮೆಲ್ಲಗೆ ನಡೆದುಕೊಂಡು ದಾಟಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ತಡಮಾಡದೆ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ.

ತಿನ್ನುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 20 ನಿಮಿಷದ ಓಟಕ್ಕೆ ಬರೀ ಹೊಟ್ಟೆಯೂ ಆದೀತು, ಬೇಕಿದ್ದರೆ ಒಂದು ಬಾಳೆಹಣ್ಣು. 70 ಕೆಜಿ ತೂಕದವರು 3 ಕಿ.ಮೀ. ಓಡಿದರೆ ಕರಗುವುದು ಸುಮಾರು 200 ಕ್ಯಾಲೊರಿ. ಓಟ ಮುಗಿಸಿ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ ಹೊಡೆದರೆ ಲೆಕ್ಕ ಚುಕ್ತಾ. ದೋಸೆ ಬಿಡಿ ಅಂತ ನಾನು ಹೇಳುತ್ತಿಲ್ಲ, ತೂಕದ ಮಷೀನನ್ನು ಬೈಯಬೇಡಿ ಅಷ್ಟೇ.

ಇನ್ನು 9 ವಾರದ ಪಾಠ 9 ವಾರದಲ್ಲೇ ಮುಗಿಯಬೇಕೆಂದೇನೂ ಇಲ್ಲ. ಒಂದು ವಾರದ್ದು ಕಷ್ಟವಾದರೆ ಅದನ್ನೇ ಇನ್ನೊಂದು ವಾರ ಮಾಡಿ. ನಡುವೆ ಜ್ವರವೋ, ಊರ ಜಾತ್ರೆಯೋ ಬಂದು ಎಂಟು ಹತ್ತು ದಿನ ತಪ್ಪಿದರೆ, ಒಂದು ವಾರ ಹಿಂದಕ್ಕೆ ಹೋಗಿ ಅಲ್ಲಿಂದ ಮುಂದುವರಿಸಿ.